ಗಂಜಿಯೊಳಗಿನ ಗಣಿತ

ಆಟಿಯ ಮಳೆ ಬಿಡದೆ ಸುರಿಯುವ ದಿನಗಳಲ್ಲಿ ಬೆಳ್ತಂಗಡಿ, ಬಂಟ್ವಾಳ ಕಡೆಯ ಮನೆಗಳಲ್ಲಿ ಕುಚ್ಚಲಕ್ಕಿ ಗಂಜಿಗಿಂತ ಹಿತವಾದ ಊಟ ಬೇರೆ ಇಲ್ಲ. ಬಟ್ಟಲ ತುಂಬ ಬಿಸಿ ಗಂಜಿ, ಬದಿಯಲ್ಲಿ ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ, ಮೀನು ತಿನ್ನುವವರಿಗೆ ಒಣಮೀನಿನ ಚಟ್ನಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ಅವರ ಚಹಾಕ್ಕೆ ಸಕ್ಕರೆ ಬೀಳುವುದಿಲ್ಲ, ಬಾಳೆಹಣ್ಣಿನ ಗೊನೆ ಅವರ ಕಣ್ಣಿಗೆ ಬೀಳದಂತೆ ಒಳಕೋಣೆ ಸೇರುತ್ತದೆ. ಗಂಜಿಯ ಬಟ್ಟಲಿಗೆ ಮಾತ್ರ ಯಾರೂ ಕೈ ಅಡ್ಡ ಹಿಡಿಯುವುದಿಲ್ಲ. ‘ಕುಚ್ಚಲಕ್ಕಿ ಅಲ್ವಾ, ಏನೂ ಆಗ್ಲಿಕ್ಕಿಲ್ಲ’ ಎಂಬ ಸಮಾಧಾನ ಎಲ್ಲರಿಗೂ.

ಚಹಾದಲ್ಲಿ ಬಿಟ್ಟ ಎರಡು ಚಮಚ ಸಕ್ಕರೆಯ ತೂಕ ಹೆಚ್ಚೆಂದರೆ 10 ಗ್ರಾಂ. ಗಂಜಿಯ ಬಟ್ಟಲಿನಲ್ಲಿ ಹೊಟ್ಟೆಗೆ ಹೋಗಿ ಕೊನೆಗೆ ಗ್ಲೂಕೋಸ್ ಆಗಿ ರಕ್ತ ಸೇರುವ ಪಿಷ್ಟ 45 ಗ್ರಾಂ ಇರಬಹುದು, 90 ಗ್ರಾಂ ಕೂಡ ಇರಬಹುದು. ಎಷ್ಟಿದೆ ಎಂಬುದು ಬಟ್ಟಲನ್ನು ನೋಡಿದರೆ ತಿಳಿಯುವುದಿಲ್ಲ. ಮನೆಯ ಹಿರಿಯರಿಗೆ ಇದು ತಿಂಗಳ ಪರೀಕ್ಷೆಯ ಚೀಟಿಯಲ್ಲಿ ಏರಿದ ಅಂಕೆಯಾಗಿ ಕಾಣಿಸಿಕೊಂಡರೆ, ಅದೇ ಕಾಯಿಲೆ ಇರುವ ಶಾಲಾ ಬಾಲಕಿಗೆ ಆ ದಿನ ಮಧ್ಯಾಹ್ನವೇ ತರಗತಿಯಲ್ಲಿ ಕಣ್ಣು ಕತ್ತಲೆ ಬರುವುದಕ್ಕೋ, ರಾತ್ರಿಯಿಡೀ ಮೂತ್ರಕ್ಕೆ ಏಳುವುದಕ್ಕೋ ಕಾರಣವಾಗುತ್ತದೆ.

ಮಕ್ಕಳ ಕಾಯಿಲೆಯೇ ಬೇರೆ

ಮಧುಮೇಹ ಎಂದೊಡನೆ ಮಾತ್ರೆ ನುಂಗುವ, ಬೆಳಗ್ಗೆ ವಾಕಿಂಗ್ ಹೋಗುವ ಹಿರಿಯರ ಚಿತ್ರ ಮನಸ್ಸಿಗೆ ಬರುವುದು ಸಹಜ. ಅದು ಎರಡನೇ ವಿಧದ ಮಧುಮೇಹ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಮೊದಲನೇ ವಿಧ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾಳುಗೆಡವುತ್ತದೆ. ಮಗು ಮಿಠಾಯಿ ತಿಂದದ್ದರಿಂದ ಬಂದದ್ದಲ್ಲ, ತಾಯಿಯ ಅಜಾಗ್ರತೆಯಿಂದ ಬಂದದ್ದೂ ಅಲ್ಲ, ಪಕ್ಕದಲ್ಲಿ ಕೂತವರಿಗೆ ಅಂಟುವುದೂ ಇಲ್ಲ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಚೆನ್ನಾಗಿ ತಿಂದರೂ ತೂಕ ಇಳಿಯುವುದು, ಹಾಸಿಗೆ ಒದ್ದೆ ಮಾಡುವುದನ್ನು ಎಂದೋ ಬಿಟ್ಟ ಮಗು ಮತ್ತೆ ಒದ್ದೆ ಮಾಡುವುದು ಇದರ ಮೊದಲ ಸೂಚನೆಗಳು. ವಾಂತಿ, ಹೊಟ್ಟೆನೋವು, ಏದುಸಿರು ಸೇರಿಕೊಂಡರೆ ಅದನ್ನು ಅಜೀರ್ಣವೆಂದು ಮನೆಮದ್ದು ಮಾಡುತ್ತಾ ಕೂರುವ ಹೊತ್ತಲ್ಲ. ರಕ್ತ ಆಮ್ಲಮಯವಾಗುವ ಆ ಸ್ಥಿತಿ ಕೆಲವು ಗಂಟೆಗಳಲ್ಲಿ ಜೀವಕ್ಕೆ ಎರವಾಗಬಹುದು. ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಅಗತ್ಯ ಬಿದ್ದರೆ ಮಂಗಳೂರಿನ ವೆನ್ಲಾಕ್‌ನಂಥ ದೊಡ್ಡ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು.

ಈ ಮಕ್ಕಳಿಗೆ ಮಾತ್ರೆ ಸಾಲದು, ಇನ್ಸುಲಿನ್ನೇ ಬೇಕು. ನಾಟಿಮದ್ದಿನ ಭರವಸೆಯಲ್ಲಿ ಚುಚ್ಚುಮದ್ದು ನಿಲ್ಲಿಸುವುದೆಂದರೆ ಮಗುವನ್ನು 1922ಕ್ಕಿಂತ ಹಿಂದಿನ ಕಾಲಕ್ಕೆ ತಳ್ಳಿದಂತೆ. ಆಗ ಇದ್ದ ಉಪಾಯ ಒಂದೇ, ಮಗುವಿಗೆ ಊಟ ಕಡಿಮೆ ಮಾಡುತ್ತಾ ಹೋಗುವುದು. ಅಮೆರಿಕದ ವೈದ್ಯ ಫ್ರೆಡರಿಕ್ ಅಲೆನ್ ಅವರ ಉಪವಾಸ ಚಿಕಿತ್ಸೆ ಮಕ್ಕಳ ಆಯುಷ್ಯವನ್ನು ಸ್ವಲ್ಪ ಕಾಲ ಎಳೆದಿತ್ತು, ಮಕ್ಕಳು ಮಾತ್ರ ಎಲುಬಿನ ಹಂದರವಾಗುತ್ತಿದ್ದರು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಸಾರವನ್ನು ಚುಚ್ಚಲಾಯಿತು. ಮೊದಲ ಸಲ ಅದು ಅಷ್ಟಾಗಿ ಫಲಿಸಲಿಲ್ಲ. ಕಾಲಿಪ್ ಶುದ್ಧಗೊಳಿಸಿಕೊಟ್ಟ ಸಾರವನ್ನು ಹನ್ನೆರಡು ದಿನಗಳ ಬಳಿಕ ಕೊಟ್ಟಾಗ ಸಕ್ಕರೆ ಇಳಿಯಿತು. ಹುಡುಗ ಮತ್ತೆ 13 ವರ್ಷ ಬದುಕಿದ.

ಇನ್ಸುಲಿನ್ ಬಂದ ಮೇಲೆ ಹೊಸ ಪ್ರಶ್ನೆ ಹುಟ್ಟಿತು. ಎಷ್ಟು ಉಂಡರೆ ಎಷ್ಟು ಚುಚ್ಚಬೇಕು? ಆರೋಗ್ಯವಂತರ ದೇಹದಲ್ಲಿ ಗ್ರಂಥಿಯೇ ಈ ಲೆಕ್ಕ ಮಾಡಿಕೊಳ್ಳುತ್ತದೆ. ಈ ಮಕ್ಕಳಲ್ಲಿ ಅದನ್ನು ಮನೆಯವರು, ಆಮೇಲೆ ಮಕ್ಕಳೇ ಮಾಡಬೇಕು. ಪಾಠಪುಸ್ತಕಗಳಲ್ಲಿ ಶರ್ಕರಪಿಷ್ಟ ಅಥವಾ ಕಾರ್ಬೋಹೈಡ್ರೇಟ್ ಎಂದು ಓದುವುದು ಇದನ್ನೇ: ಅಕ್ಕಿ, ಗೋಧಿ, ಬೇಳೆ, ಗಡ್ಡೆ, ಹಣ್ಣು, ಹಾಲು, ಸಕ್ಕರೆ, ಬೆಲ್ಲ ಇವುಗಳಲ್ಲಿರುವ, ಊಟದ ಬಳಿಕ ರಕ್ತದ ಸಕ್ಕರೆಯನ್ನು ಏರಿಸುವ ಅಂಶ. ಜರ್ಮನಿಯವರು 12 ಗ್ರಾಂ ಪಿಷ್ಟಕ್ಕೆ ‘ಒಂದು ಬ್ರೆಡ್ ಅಳತೆ’ ಎಂದು ಹೆಸರಿಟ್ಟು ಎಣಿಸಿದರು. ನಮ್ಮಲ್ಲಿ ಬ್ರೆಡ್ಡಿನ ಜಾಗದಲ್ಲಿ ಅಕ್ಕಿ ಇದೆ. ನಮ್ಮ ತೊಡಕು ಶುರುವಾಗುವುದೂ ಅಲ್ಲಿಂದಲೇ. ಬ್ರೆಡ್ ಎಲ್ಲಿ ಹೋದರೂ ಬ್ರೆಡ್ಡೇ, ತುಳುನಾಡಿನ ಅಕ್ಕಿಯಾದರೋ ಒಂದೇ ದಿನದಲ್ಲಿ ಗಂಜಿ, ನೀರುದೋಸೆ, ಪುಂಡಿ, ಸೇಮಿಗೆ, ಮೂಡೆ, ರೊಟ್ಟಿ ಎಂದು ಹತ್ತು ವೇಷ ಹಾಕುತ್ತದೆ.

ಅಕ್ಕಿಯನ್ನು ಎಲ್ಲಿ ಹಿಡಿಯುವುದು?

ಬೇಯಿಸುವ ಮೊದಲು ಹಿಡಿಯಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ 100 ಗ್ರಾಂ ಒಣ ಅಕ್ಕಿಯಲ್ಲಿ, ಅದು ಬೆಳ್ತಿಗೆ ಇರಲಿ ಕುಚ್ಚಲಕ್ಕಿ ಇರಲಿ, ಪಿಷ್ಟ 78-79 ಗ್ರಾಂ. ಇಬ್ಬರ ನಡುವೆ ವ್ಯತ್ಯಾಸವೇ ಇಲ್ಲವೆನ್ನುವಷ್ಟು ಕಡಿಮೆ. ಕುಚ್ಚಲಕ್ಕಿ ಸಾಮಾನ್ಯವಾಗಿ ಸ್ವಲ್ಪ ನಿಧಾನವಾಗಿ ಜೀರ್ಣವಾಗುತ್ತದೆ, ಆದ್ದರಿಂದ ಸಕ್ಕರೆ ಒಮ್ಮೆಲೇ ನೆಗೆಯುವುದು ತುಸು ಕಡಿಮೆ. ಹಿರಿಯರ ನಂಬಿಕೆಯಲ್ಲಿ ಅಷ್ಟರಮಟ್ಟಿಗೆ ಹುರುಳಿದೆ. ನಿಧಾನವಾಗಿ ಬಂದರೂ ಬರುವುದು ಮಾತ್ರ ಅಷ್ಟೇ ಗ್ರಾಂ.

ಈಗ ಒಂದು ಗಂಜಿ ಮಾಡಿ ನೋಡೋಣ. 200 ಗ್ರಾಂ ಕುಚ್ಚಲಕ್ಕಿ, ಅಂದರೆ 158 ಗ್ರಾಂ ಪಿಷ್ಟ. ಬೆಂದ ಮೇಲೆ ತೆಳಿಯೊಂದಿಗೆ ತೂಗಿದಾಗ ಪಾತ್ರೆಯ ತೂಕ ಕಳೆದು 1,200 ಗ್ರಾಂ ಬಂತೆಂದು ಇಟ್ಟುಕೊಳ್ಳಿ. 158ನ್ನು 1,200ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 100 ಗ್ರಾಂ ಗಂಜಿಗೆ ಸುಮಾರು 13 ಗ್ರಾಂ. 350 ಗ್ರಾಂ ಹಿಡಿಯುವ ಬಟ್ಟಲಿಗೆ 46. ಅದೇ ಅಕ್ಕಿಯನ್ನು ಬೇಯಿಸಿ, ತೆಳಿ ಬಸಿದು, ಅನ್ನವಾಗಿ ತೂಗಿದಾಗ 550 ಗ್ರಾಂ ಬಂದರೆ ಆ ಬಟ್ಟಲಿನ ಲೆಕ್ಕ 100 ಗ್ರಾಂ ಪಿಷ್ಟಕ್ಕೆ ಹೋಗುತ್ತದೆ. ತೆಳಿಯಲ್ಲಿ ಸ್ವಲ್ಪ ಹೊರಟುಹೋಯಿತೆಂದರೂ 90ರ ಆಸುಪಾಸು. ಬಟ್ಟಲು ಅದೇ, ಅಕ್ಕಿ ಅದೇ, ಪಿಷ್ಟ ಮಾತ್ರ ಎರಡು ಪಾಲು. ‘ಒಂದು ಬಟ್ಟಲು ಉಂಡೆ’ ಎಂಬ ವರದಿಯನ್ನು ನಂಬಿ ವೈದ್ಯರು ಏನು ಮಾಡಿಯಾರು?

ಇದಕ್ಕೆ ದುಬಾರಿ ಸಲಕರಣೆ ಬೇಡ. ಅಡುಗೆಮನೆಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯೊಂದು ಸಾಕು. ತಕ್ಕಡಿ ಇಲ್ಲದಿದ್ದರೆ ಮನೆಯ ಕುಡ್ತೆಯನ್ನು ದಿನಸಿ ಅಂಗಡಿಗೆ ಒಯ್ದು, ಅದರ ತುಂಬ ಅಕ್ಕಿ ಎಷ್ಟು ತೂಗುತ್ತದೆ ಎಂದು ಒಮ್ಮೆ ನೋಡಿಸಿಕೊಂಡರೂ ಆದೀತು. ಒಂದು ಮನೆಯ ಕುಡ್ತೆ ಇನ್ನೊಂದು ಮನೆಯ ಕುಡ್ತೆಯಷ್ಟೇ ಇರಬೇಕೆಂದಿಲ್ಲ, ಆದ್ದರಿಂದ ಪಕ್ಕದ ಮನೆಯವರ ಲೆಕ್ಕ ಸಾಲ ತರಬಾರದು. ದಿನವೂ ಒಂದೇ ಬಟ್ಟಲು, ಒಂದೇ ಸೌಟು ಇಟ್ಟುಕೊಂಡರೆ ತಿಂಗಳೊಪ್ಪತ್ತಿನಲ್ಲಿ ಕಣ್ಣಳತೆಯೇ ಪಳಗುತ್ತದೆ.

ದೋಸೆಯ ಲೆಕ್ಕ ಇನ್ನೂ ಸುಲಭ. 200 ಗ್ರಾಂ ಬೆಳ್ತಿಗೆ ಅಕ್ಕಿ ನೆನೆಹಾಕಿ ಹನ್ನೆರಡು ನೀರುದೋಸೆ ಎರೆದರೆ ಒಂದಕ್ಕೆ 13 ಗ್ರಾಂ. ಪುಂಡಿಯಾದರೂ ಮೂಡೆಯಾದರೂ ಸೂತ್ರ ಅದೇ, ಒಟ್ಟು ಹಿಟ್ಟಿನ ಪಿಷ್ಟವನ್ನು ಎಣಿಕೆಯಿಂದ ಭಾಗಿಸುವುದು. ಉದ್ದು ಸೇರಿಸಿದರೆ ಅದಕ್ಕೆ ನೂರಕ್ಕೆ 60 ಗ್ರಾಂನಂತೆ ಕೂಡಿಸಬೇಕು. ಮೋಸ ಹೋಗುವುದು ಕೋರಿ ರೊಟ್ಟಿಯಲ್ಲಿ. ಗರಿಗರಿಯಾಗಿ, ಹಗುರವಾಗಿ, ತಟ್ಟೆ ತುಂಬಿದಂತೆ ಕಂಡರೂ ಹೊಟ್ಟೆ ತುಂಬಿದಂತಾಗದ ರೊಟ್ಟಿಯಲ್ಲಿ ನೀರಿನ ಅಂಶವೇ ಅತಿ ಕಡಿಮೆ. 50 ಗ್ರಾಂ ರೊಟ್ಟಿ ಮುರಿದು ಹಾಕಿದರೆ 40 ಗ್ರಾಂ ಪಿಷ್ಟ ಹಾಕಿದಂತೆ. ಮೇಲೆ ಸುರಿಯುವ ಕೋಳಿ ಸಾರಿನಲ್ಲಿ ಎಣಿಸುವಂಥದ್ದು ಹೆಚ್ಚಿಲ್ಲ. ಬಂಗುಡೆ, ಬೂತಾಯಿ, ಮೊಟ್ಟೆ ಇವಕ್ಕೆ ಸೊನ್ನೆ ಬರೆಯಬಹುದು. ಬಸಳೆ, ತೊಂಡೆ, ಅಲಸಂಡೆಯ ಪಲ್ಯ ಒಂದೆರಡು ಸೌಟಿಗೆ ಲೆಕ್ಕ ಬೇಡ. ಸುವರ್ಣಗಡ್ಡೆ, ಮರಗೆಣಸು ಬಂದರೆ ಬೇಕು. ಮರಗೆಣಸಿನಲ್ಲಿ ನೂರಕ್ಕೆ 38 ಗ್ರಾಂ ಪಿಷ್ಟ.

ಇನ್ನು ಹಲಸು. ಗುಜ್ಜೆಯಾಗಿರುವಾಗ ನೂರು ಗ್ರಾಂಗೆ 9 ಗ್ರಾಂ ಪಿಷ್ಟ, ಹಣ್ಣಾದಾಗ 20ರ ಹತ್ತಿರ, ಬೀಜದಲ್ಲಿ 26. ಬೀಜ ತೆಗೆದ 75 ಗ್ರಾಂ ತೊಳೆಗೆ 15 ಗ್ರಾಂ ಬರೆದುಕೊಂಡು, ಅದಕ್ಕೆ ತಕ್ಕ ಇನ್ಸುಲಿನ್ ಕೊಟ್ಟು ಮಗುವಿಗೆ ತಿನ್ನಿಸಬಹುದು. ಮನೆಮಂದಿಯೆಲ್ಲ ಜಗಲಿಯಲ್ಲಿ ಕೂತು ಹಲಸು ಬಿಡಿಸುವಾಗ ಒಂದು ಮಗುವನ್ನು ಮಾತ್ರ ಒಳಗೆ ಕಳಿಸುವ ಅಗತ್ಯ ಇಲ್ಲವೆಂಬುದೇ ಈ ಎಣಿಕೆಯ ದೊಡ್ಡ ಲಾಭ.

ಒಂದು ಯೂನಿಟ್ಟಿಗೆ ಎಷ್ಟು ಗ್ರಾಂ?

ಇಲ್ಲಿಂದ ಮುಂದಿನದು ಏಳನೇ ತರಗತಿಯ ಭಾಗಾಕಾರ. ದಿನವೊಂದಕ್ಕೆ ಎಲ್ಲ ಸೇರಿ 40 ಯೂನಿಟ್ ಇನ್ಸುಲಿನ್ ಬೇಕಾಗುವ ಹುಡುಗಿಯೊಬ್ಬಳು ಇದ್ದಾಳೆಂದುಕೊಳ್ಳಿ. ವೈದ್ಯರು ಆರಂಭಕ್ಕೆ ಬಳಸುವ ಒಂದು ಸೂತ್ರವಿದೆ: 500ನ್ನು ದಿನದ ಒಟ್ಟು ಯೂನಿಟ್ಟಿನಿಂದ ಭಾಗಿಸುವುದು. 500 ಭಾಗ 40 ಎಂದರೆ 12.5. ಒಂದು ಯೂನಿಟ್ ಶೀಘ್ರ ಇನ್ಸುಲಿನ್ ಸುಮಾರು 12.5 ಗ್ರಾಂ ಪಿಷ್ಟವನ್ನು ಸಂಭಾಳಿಸುತ್ತದೆ ಎಂದು ಇದರರ್ಥ. ಅವಳ ಮಧ್ಯಾಹ್ನದ ಊಟ 60 ಗ್ರಾಂ ಆದರೆ 5 ಯೂನಿಟ್. ಊಟಕ್ಕೆ ಮೊದಲೇ ಸಕ್ಕರೆ ಏರಿದ್ದರೆ ಅದನ್ನು ಇಳಿಸಲು ಬೇರೆ ಸೂತ್ರ: 1,800 ಭಾಗ 40, ಅಂದರೆ ಒಂದು ಯೂನಿಟ್ಟಿಗೆ 45 ಮಿಲಿಗ್ರಾಂ ಇಳಿಯುತ್ತದೆ. ಗ್ಲೂಕೋಮೀಟರ್ 210 ತೋರಿಸಿ, ಇರಬೇಕಾದದ್ದು 120 ಆಗಿದ್ದರೆ ವ್ಯತ್ಯಾಸ 90, ಅದಕ್ಕೆ 2 ಯೂನಿಟ್. ಒಟ್ಟು 7.

ಮೇಲಿನ ಗಂಜಿಯ ಬಟ್ಟಲಿಗೆ ಈಗ ಹಿಂದಿರುಗಿದರೆ ಅದರ ಮಹಿಮೆ ತಿಳಿಯುತ್ತದೆ. 46 ಗ್ರಾಂ ಎಂದು ಬಗೆದು 90 ಗ್ರಾಂ ಉಂಡ ಹುಡುಗಿಗೆ ಮೂರೂವರೆ ಯೂನಿಟ್ ಕೊರತೆ. ಅವಳ ಸಕ್ಕರೆ 150ಕ್ಕೂ ಹೆಚ್ಚು ಅಂಕ ಮೇಲೇರುತ್ತದೆ. 90 ಎಂದು ಚುಚ್ಚಿಕೊಂಡು ತೆಳಿಗಂಜಿ ಉಂಡರೆ ಅಷ್ಟೇ ಕೆಳಕ್ಕೆ. ಎರಡನೆಯದು ಇನ್ನೂ ಅಪಾಯ.

ಈ ಸೂತ್ರಗಳನ್ನು ಪತ್ರಿಕೆಯಲ್ಲಿ ಓದಿ ಯಾರೂ ಮನೆಯಲ್ಲಿ ಇನ್ಸುಲಿನ್ ಬದಲಾಯಿಸಬಾರದು. ಪ್ರತಿ ಮಗುವಿಗೆ, ಪ್ರತಿ ಹೊತ್ತಿಗೆ ಇದು ಬೇರೆಯಾಗುತ್ತದೆ. ಬೆಳಗ್ಗಿನ ಹೊತ್ತು ಹಲವರಿಗೆ ಹೆಚ್ಚು ಬೇಕು. ಹರೆಯಕ್ಕೆ ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. ಅದನ್ನು ಗೊತ್ತುಮಾಡುವುದು ವೈದ್ಯರ ಕೆಲಸ, ಅವರಿಗೆ ಬೇಕಾದ ಗ್ರಾಂ ಮತ್ತು ಅಂಕೆಗಳನ್ನು ಬರೆದಿಟ್ಟುಕೊಂಡು ಹೋಗುವುದು ಮನೆಯವರ ಕೆಲಸ. ಊಟ ಊಟಕ್ಕೂ ಚುಚ್ಚಿಕೊಳ್ಳುವವರಿಗೆ ಮಾತ್ರ ಹೀಗೆ ಹೆಚ್ಚು ಕಡಿಮೆ ಮಾಡುವ ಸ್ವಾತಂತ್ರ್ಯ. ದಿನಕ್ಕೆ ಎರಡೇ ಬಾರಿ ಮಿಶ್ರ ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳಿಗೆ ಇನ್ಸುಲಿನ್ ಮೊದಲೇ ನಿಗದಿ, ಹಾಗಾಗಿ ಊಟದ ಗ್ರಾಂ ಮತ್ತು ಹೊತ್ತು ಎರಡೂ ದಿನವೂ ಒಂದೇ ಇರಬೇಕು. ಎಣಿಕೆ ಇಬ್ಬರಿಗೂ ಬೇಕು, ಉಪಯೋಗ ಬೇರೆ.

ಇಷ್ಟೆಲ್ಲ ತಾಪತ್ರಯ ಯಾತಕ್ಕೆ ಎಂದು ಕೇಳುವವರಿಗೆ ಉತ್ತರ 1993ರಲ್ಲಿ ಸಿಕ್ಕಿತು. ಅಮೆರಿಕ, ಕೆನಡಾಗಳಲ್ಲಿ ಮೊದಲನೇ ವಿಧದ ಮಧುಮೇಹವಿದ್ದ 1,441 ಮಂದಿಯನ್ನು ಸರಾಸರಿ ಆರೂವರೆ ವರ್ಷ ಗಮನಿಸಿದ ದೊಡ್ಡ ಅಧ್ಯಯನದ ಫಲಿತಾಂಶ ಆ ವರ್ಷ ಹೊರಬಂತು. ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಕಣ್ಣಿನ ಅಕ್ಷಿಪಟಲದ ತೊಂದರೆ ಕಾಣಿಸಿಕೊಳ್ಳುವ ಸಾಧ್ಯತೆ 76 ಶೇಕಡಾ ಕಡಿಮೆಯಾಗಿತ್ತು. ಮೂತ್ರಪಿಂಡ, ನರಗಳ ತೊಂದರೆಯೂ ಬಹಳಷ್ಟು ತಗ್ಗಿತ್ತು. ಊಟದ ಪಿಷ್ಟ ಎಣಿಸುವುದು ಅಲ್ಲಿ ಬಳಸಿದ ವಿಧಾನಗಳಲ್ಲಿ ಒಂದು. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು, ಬಿಗಿ ಹಿಡಿದವರಲ್ಲಿ ಸಕ್ಕರೆ ತೀರಾ ಕುಸಿಯುವ ಪ್ರಸಂಗಗಳು ಮೂರು ಪಟ್ಟು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮೊದಲನೇ ವಿಧದ ಮಧುಮೇಹಕ್ಕಾಗಿಯೇ ಮಾರ್ಗದರ್ಶಿ ಹೊರತಂದದ್ದು 2022ರಲ್ಲಿ.

ಶಾಲೆ, ಪಂಕ್ತಿ, ಹಾಸ್ಟೆಲ್

ಅಕ್ಷರ ದಾಸೋಹದ ಮಾನದಂಡದಂತೆ ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ, ಹಿರಿಯ ಪ್ರಾಥಮಿಕದವರಿಗೆ 150 ಗ್ರಾಂ ಧಾನ್ಯ. ಪಿಷ್ಟದಲ್ಲಿ ಹೇಳುವುದಾದರೆ 78 ಮತ್ತು 117 ಗ್ರಾಂ, ಸಾಂಬಾರಿನ ಬೇಳೆ ಬೇರೆ. ಅಷ್ಟೂ ಒಬ್ಬಳ ತಟ್ಟೆಗೇ ಬೀಳುತ್ತದೆಂದಲ್ಲ, ಬಡಿಸುವ ಅಕ್ಕನ ಕೈಯಳತೆ ದಿನಕ್ಕೊಂದು. ತಾಯಿಯೊಬ್ಬರು ಒಂದು ದಿನ ಶಾಲೆಗೆ ಹೋಗಿ, ಒಂದು ಸೌಟು ಅನ್ನ ಎಷ್ಟು ತೂಗುತ್ತದೆ ಎಂದು ನೋಡಿಕೊಂಡು, ‘ನಮ್ಮ ಮಗುವಿಗೆ ದಿನಾ ಇಷ್ಟೇ ಸೌಟು ಹಾಕಿ ಅಕ್ಕಾ’ ಎಂದು ಹೇಳಿ ಬಂದರೆ ಅರ್ಧ ಕೆಲಸ ಮುಗಿಯಿತು. ಕ್ಷೀರಭಾಗ್ಯದ 150 ಮಿಲಿ ಹಾಲಿನಲ್ಲಿ ಹಾಲಿನದ್ದೇ ಸುಮಾರು 7 ಗ್ರಾಂ, ಬೆರೆಸಿದ ಸಕ್ಕರೆ ಅದರ ಮೇಲೆ.

ಉಳಿದರ್ಧ ಶಿಕ್ಷಕರದ್ದು. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಮಗು ಬೆವರುತ್ತದೆ, ನಡುಗುತ್ತದೆ, ಕೆಲವೊಮ್ಮೆ ಕಾರಣವಿಲ್ಲದೆ ಸಿಡುಕುತ್ತದೆ, ಮಂಕಾಗಿ ಕೂರುತ್ತದೆ. ತುಂಟತನ, ನಿದ್ದೆ ಎಂದು ಗದರಿಸಿ ಬೆಂಚಿನ ಮೇಲೆ ನಿಲ್ಲಿಸಿದರೆ ಅನಾಹುತ. ಕೂಡಲೇ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ, ಅಂದರೆ ಸಣ್ಣ ಚಮಚದಲ್ಲಿ ಮೂರು, ನೀರಿನಲ್ಲಿ ಕಲಸಿ ಕುಡಿಸಬೇಕು. 15 ನಿಮಿಷ ಕಾದು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಮ್ಮೆ. ಚಾಕಲೇಟು ಇದಕ್ಕೆ ಅಷ್ಟು ಒಳ್ಳೆಯದಲ್ಲ, ಅದರ ಕೊಬ್ಬು ಸಕ್ಕರೆಯನ್ನು ತಡೆದು ನಿಧಾನ ಮಾಡುತ್ತದೆ. ಪ್ರಜ್ಞೆ ತಪ್ಪಿದ ಮಗುವಿನ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಕಬಡ್ಡಿ, ವಾಲಿಬಾಲ್ ಆಡಿದ ದಿನ, ಗುಡ್ಡ ಹತ್ತಿ ನಡೆದು ಮನೆಗೆ ಹೋದ ದಿನ ಕುಸಿತ ಆಗಲೇ ಬರಬೇಕೆಂದಿಲ್ಲ, ನಡುರಾತ್ರಿಯೂ ಬರಬಹುದು. ಆ ರಾತ್ರಿ ಮಲಗುವ ಮೊದಲೊಮ್ಮೆ, ನಡುವೆ ಒಮ್ಮೆ ಪರೀಕ್ಷಿಸುವುದು ಕ್ಷೇಮ.

ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲೋ, ಮದುವೆ ಮನೆಯ ಪಂಕ್ತಿಯಲ್ಲೋ ಕೂರುವಾಗ ಒಂದು ನಿಯಮ ಮರೆಯಬಾರದು: ಅನ್ನ ಎದುರಿಗೆ ಬರುವ ತನಕ ಸೂಜಿ ಹೊರತೆಗೆಯಬೇಡಿ. ಸಾಲಿನಲ್ಲಿ ನಿಂತಾಗಲೇ ಚುಚ್ಚಿಕೊಂಡು ಪಂಕ್ತಿ ಒಂದು ಗಂಟೆ ತಡವಾದರೆ ಇನ್ಸುಲಿನ್ ಕಾಯುವುದಿಲ್ಲ. ಹಳೆಯ ಬಗೆಯ ಸಾದಾ ಇನ್ಸುಲಿನ್ ಅರ್ಧ ಗಂಟೆ ಮೊದಲೇ ಬೇಕಾದ್ದರಿಂದ ಅಂಥವರು ಜಾತ್ರೆ, ಮದುವೆಗೆ ಹೊರಡುವ ಮುನ್ನವೇ ವೈದ್ಯರನ್ನು ಕೇಳಿಕೊಳ್ಳಬೇಕು. ಪಾಯಸದ ಲೆಕ್ಕ ಕೇಳಿದರೆ ಹಿರಿಯರೂ ಬೆಚ್ಚಿಬೀಳಬಹುದು. ಒಂದು ಕಿಲೋ ಬೆಲ್ಲ, ಅರ್ಧ ಕಿಲೋ ಹೆಸರುಬೇಳೆಯ ಪಾಯಸವನ್ನು 25 ಮಂದಿಗೆ ಹಂಚಿದರೆ ತಲಾ 50 ಗ್ರಾಂ ಪಿಷ್ಟ, ಎಲೆಯ ಮೇಲಿನ ಅನ್ನ ಇದಕ್ಕೆ ಹೊರತು. ಕಲ್ಲಡ್ಕದ ಹೆಸರುವಾಸಿ ಕೆ.ಟಿ. ಕುಡಿಯುವವರು ಸಕ್ಕರೆ ಹಾಕಬೇಡಿ ಎಂದು ಮೊದಲೇ ಹೇಳಬೇಕು, ಏಕೆಂದರೆ ಆ ಚಹಾದಲ್ಲಿ ಸಕ್ಕರೆ ಬೆರೆತ ಹಾಲು ಲೋಟದ ಅಡಿಯಲ್ಲಿ ಮೊದಲೇ ಇರುತ್ತದೆ.

ಅಂಗಡಿಯ ಬಿಸ್ಕತ್ತಿನ ಪೊಟ್ಟಣದ ಹಿಂದೆ ‘ಸಕ್ಕರೆ’ ಎಂಬ ಸಾಲನ್ನು ಮಾತ್ರ ಓದಿ ನಿಶ್ಚಿಂತರಾಗುವ ತಂದೆ ತಾಯಿ ಬಹಳ. ಓದಬೇಕಾದದ್ದು ಅದರ ಮೇಲಿನ ಕಾರ್ಬೋಹೈಡ್ರೇಟಿನ ಸಾಲು. ಸಕ್ಕರೆರಹಿತ ಎಂದು ದೊಡ್ಡದಾಗಿ ಬರೆದ ಬಿಸ್ಕತ್ತಿನಲ್ಲಿಯೂ ಮೈದಾ ಇರುತ್ತದೆ, ಮೈದಾದಲ್ಲಿ ನೂರಕ್ಕೆ 74 ಗ್ರಾಂ ಪಿಷ್ಟ.

ಮೂಡುಬಿದಿರೆಯ ಕತೆ ಸ್ವಲ್ಪ ಭಿನ್ನ. ರಾಜ್ಯದ ಮೂಲೆ ಮೂಲೆಯಿಂದ ಬಂದ ವಿದ್ಯಾರ್ಥಿಗಳು ಇಲ್ಲಿನ ಹಾಸ್ಟೆಲುಗಳಲ್ಲಿದ್ದಾರೆ. ವಿಜಯಪುರದಲ್ಲಿ ಜೋಳದ ರೊಟ್ಟಿಯನ್ನು ಎಣಿಸಿ ಪಳಗಿದ ಹುಡುಗನಿಗೆ ಇಲ್ಲಿ ಕುಚ್ಚಲಕ್ಕಿ ಅನ್ನದ ರಾಶಿ ಎದುರಾಗುತ್ತದೆ. ಒಣ ಜೋಳದಲ್ಲಿಯೂ ನೂರಕ್ಕೆ 73 ಗ್ರಾಂ ಪಿಷ್ಟವಿದೆ, ಅಂದರೆ ವಸ್ತುವಿನಲ್ಲಿ ದೊಡ್ಡ ಅಂತರವಿಲ್ಲ. ಆದರೆ ರೊಟ್ಟಿಯನ್ನು ಒಂದು, ಎರಡು ಎಂದು ಎಣಿಸಬಹುದು, ಅನ್ನವನ್ನು ಸೌಟಿನಲ್ಲೇ ಅಳೆಯಬೇಕು. ಸೇರಿದ ಮೊದಲ ವಾರವೇ ಮೆಸ್ಸಿನ ಸೌಟನ್ನು ತೂಗಿ ನೋಡಿಕೊಳ್ಳುವುದು, ಕೋಣೆಯ ಜೊತೆಗಾರನಿಗೆ ಗ್ಲೂಕೋಸ್ ಇಟ್ಟ ಜಾಗ ತೋರಿಸಿಡುವುದು ಆಗಬೇಕು. ಕಾಯಿಲೆಯನ್ನು ಮುಚ್ಚಿಟ್ಟು ಓದುವ ಹುಡುಗರು ಇದ್ದಾರೆ. ಅವರ ಸಂಕೋಚ ಅರ್ಥವಾಗುವಂಥದ್ದೇ, ಆದರೆ ರಾತ್ರಿ ಎರಡು ಗಂಟೆಗೆ ಸಕ್ಕರೆ ಕುಸಿದಾಗ ಎಬ್ಬಿಸಲು ಜೊತೆಗಾರನಿಗೆ ವಿಷಯ ತಿಳಿದಿರಬೇಕು. ಪರ್ಯುಷಣದ ಉಪವಾಸ, ರಮ್ಜಾನಿನ ರೋಜಾ ಹಿಡಿಯುವ ಮನಸ್ಸಿದ್ದರೆ ವೈದ್ಯರ ಅನುಮತಿ ಬೇಕು. ಊಟ ಬಿಟ್ಟ ದಿನವೂ ದೀರ್ಘಾವಧಿಯ ಇನ್ಸುಲಿನ್ ಪೂರ್ತಿ ಬಿಡುವಂತಿಲ್ಲ.

ಪರೀಕ್ಷೆ ಬರೆಯುವವರಿಗೆ ಕೇಂದ್ರೀಯ ಶಾಲಾ ಮಂಡಳಿ 2017ರಲ್ಲಿಯೇ ದಾರಿ ಮಾಡಿಕೊಟ್ಟಿದೆ. ಮೊದಲನೇ ವಿಧದ ಮಧುಮೇಹವಿರುವ ವಿದ್ಯಾರ್ಥಿಗಳು ಸಕ್ಕರೆ ಮಾತ್ರೆ, ಹಣ್ಣು, ನೀರಿನ ಬಾಟಲಿ ಒಳಗೆ ಒಯ್ಯಬಹುದು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಶಾಲೆಗಳಲ್ಲಿ ಈ ಮಕ್ಕಳಿಗೆ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿಂಡಿ ತಿನ್ನಲು ಅವಕಾಶ ಕೊಡುವಂತೆ ಎಲ್ಲ ರಾಜ್ಯಗಳಿಗೂ ಬರೆಯಿತು. ಎಸ್ಸೆಸ್ಸೆಲ್ಸಿ, ಪಿಯುಸಿ ಬರೆಯುವವರು ಪರೀಕ್ಷೆಯ ದಿನ ಬಾಗಿಲಲ್ಲಿ ವಾದಿಸುವ ಬದಲು, ವೈದ್ಯರ ಪ್ರಮಾಣಪತ್ರದೊಂದಿಗೆ ಮುಖ್ಯೋಪಾಧ್ಯಾಯರಿಗೆ ಅಥವಾ ಪ್ರಾಂಶುಪಾಲರಿಗೆ ಒಂದು ತಿಂಗಳು ಮೊದಲೇ ಅರ್ಜಿ ಕೊಟ್ಟು ಲಿಖಿತ ಒಪ್ಪಿಗೆ ಪಡೆದಿಡಬೇಕು.

ತೋಳಿಗೆ ಅಂಟಿಸುವ ಸೆನ್ಸರುಗಳು, ಇನ್ಸುಲಿನ್ ಪಂಪುಗಳು ಈಗ ಬಂದಿವೆ. ಬೆಲೆ ಎಲ್ಲರಿಗೂ ಎಟುಕುವಂಥದ್ದಲ್ಲ. ಎಟುಕಿದರೂ ಊಟದ ಹೊತ್ತಿಗೆ ಪಂಪು ಸಾಮಾನ್ಯವಾಗಿ ಮೊದಲು ಕೇಳುವುದು ‘ಎಷ್ಟು ಗ್ರಾಂ?’ ಎಂದೇ. ಸಿರಿಂಜು ಬಳಸುವವರಿಗೆ ಬೇರೊಂದು ಎಚ್ಚರಿಕೆ ಬೇಕು. ನಮ್ಮಲ್ಲಿ ಇನ್ಸುಲಿನ್ ಸೀಸೆಗಳು ಮಿಲಿಲೀಟರಿಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು ಎಂದು ಎರಡು ಬಗೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಬಣ್ಣದ್ದು. ಮೆಡಿಕಲ್ ಅಂಗಡಿಯಲ್ಲಿ ಒಂದು ಸಿಗಲಿಲ್ಲವೆಂದು ಇನ್ನೊಂದನ್ನು ತಂದರೆ ಎರಡೂವರೆ ಪಟ್ಟು ವ್ಯತ್ಯಾಸ. ಅಕ್ಕಿ ತೂಗಿ, ಗ್ರಾಂ ಎಣಿಸಿ, ಭಾಗಿಸಿ ತೆಗೆದ ಲೆಕ್ಕವೆಲ್ಲ ಆ ಒಂದು ಸಿರಿಂಜಿನಲ್ಲಿ ತಪ್ಪಿಹೋಗುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಅಥವಾ ಕರೆಂಟು ಎರಡು ದಿನ ಬಾರದ ಮಳೆಗಾಲದಲ್ಲಿ ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ಇಟ್ಟ ಇನ್ನೊಂದು ಸಣ್ಣ ಮಡಕೆಯಲ್ಲಿಟ್ಟರೆ ತಂಪಾಗಿ ಉಳಿಯುತ್ತದೆ. ಐಸಿಗೆ ತಾಗಿಸಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗಿಯೇ ಕಂಡರೂ ಚೆಲ್ಲಬೇಕು.